ತಾಯಿ ನೋಡುವ ಚಿತ್ರ

ಕಮಲಾಪುರದಿಂದ ಫೋನು ಬಂದಾಗ ನಾನು ದೇವರ ಪಾತ್ರೆ ಬೆಳಗುತ್ತಿದ್ದೆ. ಹುಣಸೆಹಣ್ಣಿನ ಕೈಯಲ್ಲೇ ಫೋನು ಹಿಡಿದೆ. ವೈನಿಯೇ ಮಾತಾಡಿದರು. "ನಮ್ಮ ಮನಿಯವ್ರು ಮುಂಜಾನಿ ಚಾ ಕುಡದು ಕಟ್ಟಿ ಮ್ಯಾಲ ಕುಂತಿದ್ರು, ಬಾಯಾರ. ಕುಂತಲ್ಲೇ ಹೋದ್ರು. ನರಳಲಿಲ್ಲ" ಎಂದರು. ಆ ದನಿಯಲ್ಲಿ ಅಳು ಇರಲಿಲ್ಲ. ಅತ್ತವಳು ನಾನು. ಆಮೇಲೆ ಕೈ ತೊಳೆದು ದೇವರ ಮುಂದೆ ಕೂತು, ನರಳಿಸದೆ ಕರೆದುಕೊಂಡೆಯಲ್ಲ ವಿಠ್ಠಲಾ, ಅಷ್ಟಾದರೂ ಮಾಡಿದಿ ಎಂದೆ. ಆ ಮನುಷ್ಯನ ಪಾಲಿಗೆ ದೇವರು ಮಾಡಿದ ಉಪಕಾರಗಳನ್ನು ಹುಡುಕಿ ಹುಡುಕಿ ಎಣಿಸಬೇಕು.

ಓಣಿಯ ಮಕ್ಕಳಿಗೆ ಅವರು ಮಿಲ್ಟ್ರಿ ಕಾಕಾ. ನನಗೆ ಅಣ್ಣಾರು. ನಾನು ಮದುವೆಯಾಗಿ ಕಲಬುರಗಿಗೆ ಬಂದಾಗ, ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಬಾಡಿಗೆ ಮನೆಗಳ ಸಾಲಿನಲ್ಲಿ ಮೊದಲನೆಯದು ನಮ್ಮದು, ಪಕ್ಕದ್ದು ಅವರದು. ನಡುವೆ ಒಂದು ನಳ. ಫೌಜಿನಿಂದ ನಿವೃತ್ತಿಯಾಗಿ ಬಂದು ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಕಾವಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಸಂಜೆ ಸೈಕಲ್ಲಿನ ಮೇಲೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ತೊಗರಿ ಹೊಟ್ಟಿನ ಧೂಳು. ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ನಾವು ವೈಷ್ಣವರು, ಅವರು ಲಿಂಗಾಯತರು. ನಮ್ಮ ಮಡಿ ಅವರಿಗೆ ಗೊತ್ತಿತ್ತು, ನಳದ ಹತ್ತಿರ ನಾನು ಬಂದರೆ ವೈನಿ ತಮ್ಮ ಕೊಡ ಸರಿಸುತ್ತಿದ್ದರು. ಸರಿಸುವಾಗ ನಗುತ್ತಿದ್ದರು. ಅವರಿಗೆ ಒಬ್ಬನೇ ಮಗ.

ಅಣ್ಣಾರಿಗೆ ಮಾತು ಕಡಿಮೆ. ನೋಡುವುದು ಹೆಚ್ಚು. ಹೊಸದರಲ್ಲಿ ನನಗೆ ಅದು ಸರಿ ಬರಲಿಲ್ಲ. ಒಂದು ಭಾನುವಾರ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ, ಅಣ್ಣಾರು ತಮ್ಮ ಬಾಗಿಲಲ್ಲಿ ಕೂತು ನೋಡುತ್ತಲೇ ಇದ್ದರು. ತಡೆಯಲಾರದೆ ಕೇಳಿಯೇಬಿಟ್ಟೆ.

"ಏನ್ ಅಣ್ಣಾರ, ಹಂಗ್ಯಾಕ ನೋಡ್ತೀರಿ?"

"ಏನಿಲ್ರಿ ಬಾಯಾರ. ಅಕ್ಕಿ ಆರಿಸೋದು ಬಲಗೈ. ನಿಮ್ಮ ಎಡಗೈ ಸುಮ್ನ ಕೂಡವಲ್ದು, ಅದೂ ಏನೋ ಮಾಡ್ಲಾಕತ್ತದ."

ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಚಿತ್ರ ತಂದುಕೊಟ್ಟರು. ಮೊರ, ನನ್ನ ಎರಡು ಕೈ, ಮತ್ತೆ ಹರಿದ ಸೆರಗು. ನನಗೆ ಸಿಟ್ಟು ಬಂತು. ಹರಿದದ್ದನ್ನು ಯಾಕೆ ಬರೆದಿರಿ ಎಂದೆ. "ಹರದದ ಅಲ್ರಿ, ಅದಕ್ಕ" ಎಂದರು, ಅಷ್ಟೇ. ನಮ್ಮ ಮನೆಯವರು ಆಫೀಸಿನಿಂದ ಬಂದು ಚಿತ್ರ ನೋಡಿ, "ನಿನಗೊಂದು ಸೀರಿ ಕೊಡಸು ಅಂತ ನನಗ ಹೇಳ್ಲಿಕ್ಕತ್ಯಾರ, ಮಿಲ್ಟ್ರಿ ಭಾಷಾದಾಗ" ಎಂದು ನಕ್ಕರು. ಆ ದಸರೆಗೆ ಸೀರೆ ಬಂತು.

ಇದನ್ನು ಯಾಕೆ ಹೇಳಿದೆನೆಂದರೆ, ಅವರು ಎಂದೂ ಇಲ್ಲದ್ದನ್ನು ಬರೆದವರಲ್ಲ. ಬರೆದದ್ದೆಲ್ಲ ನಿಜ. ಅವರ ಮನೆಯನ್ನು ಮುಳುಗಿಸಿದ್ದು ಬರೆಯದೆ ಬಿಟ್ಟದ್ದು.

ಅವರ ಮಂಚದ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಮಿಲ್ಲಿಗೆ ರಜೆ ಇದ್ದ ದಿನ ಅದನ್ನು ಎಳೆದು ತೆಗೆಯುತ್ತಿದ್ದರು. ಓಣಿಯ ಮಕ್ಕಳೆಲ್ಲ ಸುತ್ತ ಕೂಡುತ್ತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಅವರು ಪೂರ್ವದ ಗಡಿಯಲ್ಲಿದ್ದರಂತೆ. ತಮ್ಮ ಊರು ಕಮಲಾಪುರದಲ್ಲಿ ಸಣ್ಣವರಿದ್ದಾಗ ಗೋಡೆಗೆ ಇದ್ದಲಿಯಿಂದ ಎತ್ತು ಬರೆದು ಅಪ್ಪನ ಕೈಲಿ ಹೊಡೆತ ತಿಂದ ಕೈ ಅದು. ಫೌಜಿನಲ್ಲಿ ಅವರ ಸಾಹೇಬರು ಅದನ್ನು ಕಂಡು, ಪೆನ್ಸಿಲ್ಲು ಕೊಡಿಸಿ, ತಮ್ಮ ಕ್ಯಾಮೆರಾವನ್ನೂ ಕೊಟ್ಟು, ನಮ್ಮ ಹುಡುಗರನ್ನು ತೆಗೆಯುತ್ತಿರು ಎಂದರಂತೆ.

ಆ ಪೆಟ್ಟಿಗೆಯಲ್ಲಿ ಇದ್ದ ಯುದ್ಧ ಹೀಗಿತ್ತು. ಮರದ ಕೆಳಗೆ ಒಬ್ಬ ಇನ್ನೊಬ್ಬನ ತಲೆಗೂದಲು ಕತ್ತರಿಸುತ್ತಿದ್ದಾನೆ, ಕತ್ತರಿಸಿಕೊಳ್ಳುವವನು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಾನೆ. ಒಬ್ಬ ಬೂಟು ಹಾಕಿಕೊಂಡೇ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾನೆ. ಬಂದೂಕಿನ ಮೇಲೆ ಒಣಗಲು ಹಾಕಿದ ಕಾಲುಚೀಲ. ಓದು ಬಾರದವನಿಗೆ ಇನ್ನೊಬ್ಬ ಕಾಗದ ಓದಿ ಹೇಳುತ್ತಿದ್ದರೆ, ಕೇಳುವವನ ಮುಖದಲ್ಲಿ ನಾಚಿಕೆ. ಕೆರೆಯ ದಂಡೆಯಲ್ಲಿ ಎಳನೀರು ಕೊಡುತ್ತಿರುವ ಮುದುಕಿ. ಬಾಳೆಯ ಗಿಡಗಳ ನಡುವೆ ರೊಟ್ಟಿ ಸುಡುವವರು. ಆ ಬಾಳೆ ತೋರಿಸಿ, "ನಮ್ಮೂರ ಕೆಂಪು ಬಾಳಿ ರುಚಿ ಇದಕ ಇಲ್ಲ" ಎಂದು ಪ್ರತಿ ಸಲವೂ ಹೇಳುತ್ತಿದ್ದರು.

ನನ್ನ ಮಗಳು ಒಮ್ಮೆ ಕೇಳಿದಳು: "ಗುಂಡು ಹೊಡಿಯೋದು ಎಲ್ಲದ ಕಾಕಾ?"

"ಆವಾಗ ಕೈ ಖಾಲಿ ಇರ್ತಿರ್ಲಿಲ್ಲವ್ವಾ" ಎಂದರು.

ಎಲ್ಲರೂ ನಕ್ಕೆವು. ನಾವು ಅದನ್ನು ಚೇಷ್ಟೆಯ ಮಾತು ಎಂದುಕೊಂಡೆವು.

ಚಿತ್ರಗಳಲ್ಲದೆ ಒಂದು ಕಟ್ಟು ಫೋಟೋಗಳಿದ್ದವು. ಅದರಲ್ಲಿ ಒಬ್ಬೊಬ್ಬನೇ ಹುಡುಗ. ಸ್ನಾನ ಮಾಡಿದ ಮುಖ, ನುಣ್ಣಗೆ ದಾಡಿ ಮಾಡಿದ ಗಲ್ಲ, ಬಾಚಿದ ಕೂದಲು, ಕುತ್ತಿಗೆಯ ತನಕ ಹಾಕಿದ ಗುಂಡಿ, ನೇರ ನೋಟ, ಸಣ್ಣ ನಗು. ಮನೆಗೆ ಕಳಿಸಲು ತೆಗೆದವಂತೆ. ಒಂದು ಪ್ರತಿ ಮನೆಗೆ, ಒಂದು ಇವರ ಹತ್ತಿರ. "ದಾಡಿ ಮಾಡ್ಕೊಳ್ಳಾರದವನ ಫೋಟೋ ನಾ ತೆಗೀತಿರ್ಲಿಲ್ರಿ. ತಾಯಿ ನೋಡೋ ಚಿತ್ರ ಅದು" ಎನ್ನುತ್ತಿದ್ದರು. ಅದು ಅವರ ಶಿಸ್ತು. ತಾಯಿ ನೋಡಲಾಗದ ಒಂದು ಚಿತ್ರವೂ ಅವರ ಕೈಯಿಂದ ಯಾವ ಮನೆಗೂ ಹೋಗಲಿಲ್ಲ. ಎಷ್ಟು ಒಳ್ಳೆಯ ಮನುಷ್ಯ ಎಂದು ನಾನು ಅಂದುಕೊಳ್ಳುತ್ತಿದ್ದೆ. ಒಳ್ಳೆಯವರೇ ಹೌದು.

ಅವರ ಮಗ ಆ ಚಿತ್ರಗಳ ಮಡಿಲಲ್ಲೇ ಬೆಳೆದ. ಅದರೊಳಗಿನವರೆಲ್ಲ ಅವನಿಗೆ ಬಳಗ. ನಿದ್ದೀ ಮಾಮಾ, ಕಾಗದದ ಮಾಮಾ ಎಂದು ಹೆಸರಿಟ್ಟಿದ್ದ. ಹೋಳಿಗೆ ಮಾಡಿದ ದಿನ, "ನಿದ್ದೀ ಮಾಮಾಗ ಒಂದು ತೆಗದಿಡವ್ವಾ" ಎಂದು ವೈನಿಯನ್ನು ಕಾಡುತ್ತಿದ್ದ. ವೈನಿಗೂ ಅಷ್ಟೇ. ಅಕ್ಷರ ಬಾರದ ಹೆಣ್ಣುಮಗಳು. ಗಂಡ ದೂರ ಇದ್ದ ವರ್ಷಗಳಲ್ಲಿ ಮನೆಗೆ ಬರುತ್ತಿದ್ದ ಆ ಚಿತ್ರಗಳೇ ಅವರ ಕಾಗದ. ಯುದ್ಧ ಎಂದರೆ ಗಂಡಸರು ತಾವೇ ಅಡಿಗೆ ಮಾಡಿಕೊಂಡು, ತಾವೇ ಬಟ್ಟೆ ಒಗೆದುಕೊಂಡು, ಮನೆ ನೆನೆಸಿಕೊಂಡು ಇರುವ ಜಾಗ ಎಂದು ಅವರು ನಂಬಿದ್ದರು. ಸಾವೂ ಇರುತ್ತದೆ ಎಂದು ಗೊತ್ತಿಲ್ಲ ಎಂದಲ್ಲ. ಆದರೆ ಕಣ್ಣಿಗೆ ಕಂಡದ್ದು ನಗುವ ಮುಖಗಳು. ನಾವೆಲ್ಲ ನಂಬುವುದು ಕಂಡದ್ದನ್ನೇ. ಗೋಡೆಯ ಮೇಲಿನ ದೇವರು ನಗುತ್ತಿದ್ದಾನೆ ಎಂದೇ ನಾನೂ ಧೈರ್ಯವಾಗಿರುವುದು.

ಪಿಯುಸಿ ಮುಗಿಸಿದ ವರ್ಷ ಹುಡುಗ ಫೌಜಿನ ಭರ್ತಿಗೆ ಹೋಗುತ್ತೇನೆ ಎಂದ. ಅಣ್ಣಾರು ಹೌದೂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸಂಜೆ ನಮ್ಮ ಬಾಗಿಲಿಗೆ ಬಂದು ನಮ್ಮ ಮನೆಯವರನ್ನು ಕರೆದು, "ಬ್ಯಾಂಕಿನ ಪರೀಕ್ಷಾ ಅದು ಇದು ಅಂತ ನೀವೊಂದು ಮಾತ ಹೇಳ್ರಿ ಸಾಹೇಬ್ರ. ನನ್ನ ಬಾಯಿಂದ ಬರವಲ್ದು" ಎಂದರು. ಇವರು ಹೋಗಿ ಹೇಳಿದರು. ಸರ್ಕಾರಿ ನೌಕರಿ, ಪೆನ್ಶನ್, ಮನೆ ಊಟ ಎಂದೆಲ್ಲ ಹೇಳಿದರು. ಹುಡುಗ ಪೂರಾ ಕೇಳಿಸಿಕೊಂಡು ಕೂದಲು ಕತ್ತರಿಸುವ ಆ ಚಿತ್ರವನ್ನು ಎತ್ತಿ ತೋರಿಸಿದ.

"ಕಾಕಾ, ನಿಮ್ಮ ಆಫೀಸಿನಾಗ ಯಾರಾರ ಹಿಂಗ ನಗ್ತಾರೇನ್ರಿ?"

ನಮ್ಮ ಮನೆಯವರು ಚಿತ್ರ ನೋಡಿ ಅವನ ಕೈಗೇ ಮರಳಿ ಕೊಟ್ಟರು.

ವೈನಿ ಒಲೆಯ ಮುಂದಿನಿಂದಲೇ ಗಂಡನಿಗೆ, "ನೀವೂ ಅಲ್ಲೇ ಇದ್ದು ಬಂದ್ರಿಲ್ಲ, ಏನಾತು ನಿಮಗ? ನನ್ನ ಕೈ ಅಡಿಗಿಕಿಂತ ಅಲ್ಲೀ ರೊಟ್ಟಿನೇ ಚಲೋ ಇತ್ತು ಅಂತೀರಿ ಇವತ್ತಿಗೂ" ಎಂದರು. ಅಣ್ಣಾರು ಮಗನ ಎದುರು ಕುಕ್ಕರುಗಾಲಿನಲ್ಲಿ ಕೂತರು. "ಇದರಾಗ ಎಲ್ಲಾ ಇಲ್ಲಪಾ" ಎಂದರು.

"ಉಳದದ್ದು ಹೇಳು ಮತ್ತ" ಎಂದ ಮಗ. ತಮಾಷೆಗಲ್ಲ, ನಿಜವಾಗಿ ಕೇಳಿದ.

ಅವರು ಬಾಯಿ ತೆರೆದರು. ಹೆಂಡತಿಯ ಕಡೆ ನೋಡಿದರು. ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಲು ತಿರುಗಿದ್ದರು. ಅಣ್ಣಾರು ಎದ್ದು, ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಬರುತ್ತೇನೆ ಎಂದು ಹೊರಟುಹೋದರು.

ಹುಡುಗ ಹೋದ. ರಜೆಗೆ ಬಂದಾಗಲೆಲ್ಲ ಎತ್ತರವಾಗಿ, ಕೆಂಪಾಗಿ ಕಾಣುತ್ತಿದ್ದ. ನನ್ನ ಕೈಗೆ ಕಾಶ್ಮೀರದ ಅಕ್ರೋಟಿನ ಪೊಟ್ಟಣ ಕೊಟ್ಟು, "ಇದು ಉಪವಾಸಕ್ಕ ನಡೀತದ ಅಲ್ರಿ ಕಾಕು?" ಎಂದು ಕೇಳಿದ್ದ. ನಡೆಯುತ್ತದೆ ಎಂದೆ. ನಮ್ಮದು ನೀರೂ ಮುಟ್ಟದ ಉಪವಾಸ, ಏಕಾದಶಿಯ ಮರುದಿನ ತಿಂದೆವು.

ಆಮೇಲೆ ತೊಂಬತ್ತೊಂಬತ್ತರ ಬೇಸಿಗೆ. ಕಾರ್ಗಿಲ್ಲಿನ ಸುದ್ದಿ ಟೀವಿಯಲ್ಲಿ ದಿನವೂ ಬರುತ್ತಿತ್ತು. ಅವರ ಮನೆಯಲ್ಲಿ ಟೀವಿ ಇರಲಿಲ್ಲ. ವೈನಿ ನಮ್ಮ ಮನೆಗೆ ಬಂದು ಕೂಡುತ್ತಿದ್ದರು. ಬೆಟ್ಟ, ಹೊಗೆ, ಲಾರಿಗಳ ಸಾಲು. ಅವರು ಪರದೆಯ ಹತ್ತಿರಕ್ಕೆ ಹೋಗಿ ಒಬ್ಬೊಬ್ಬ ಸಿಪಾಯಿಯ ಮುಖ ಹುಡುಕುತ್ತಿದ್ದರು. ಅಣ್ಣಾರು ಒಂದು ದಿನವೂ ನೋಡಲು ಬರಲಿಲ್ಲ.

ನಾವಿಬ್ಬರೂ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದ ಮಧ್ಯಾಹ್ನ ಅಂಚೆಯವನು ಬಂದ. ಲಕೋಟೆಯಲ್ಲಿ ಒಂದು ಫೋಟೋ. ವೈನಿ ಕೈ ಒರೆಸಿಕೊಂಡು ನೋಡಿದರು. ಒಳಗೆ ಹೋಗಿ ಬಟ್ಟಲಲ್ಲಿ ಸಕ್ಕರೆ ತಂದು ನನ್ನ ಕೈಗೆ ಹಾಕಿದರು.

"ನೋಡ್ರಿ ಬಾಯಾರ, ನನ್ನ ಮಗ ಹ್ಯಾಂಗ ಅದಾನ. ದಾಡಿ ಮಾಡ್ಕೊಂಡು ತಲಿ ಬಾಚ್ಕೊಂಡು, ಮದುವಿ ಗಂಡಿನಂಗ. ನೀವು ಸುಳ್ಳೇ ಆ ಟೀವಿ ಮುಂದ ಕುಂತು ಅಳ್ತೀರಿ."

ಚೆನ್ನಾಗಿದ್ದ ನಿಜ. ಕುತ್ತಿಗೆಯ ತನಕ ಗುಂಡಿ. ಸಣ್ಣ ನಗು. ನಾನು ವಿಠ್ಠಲನಿಗೆ ಕೈ ಮುಗಿದು ಸಕ್ಕರೆ ಬಾಯಿಗೆ ಹಾಕಿಕೊಂಡೆ.

ಸಂಜೆ ಅಣ್ಣಾರು ಕಪನೂರಿನಿಂದ ಬಂದರು. ಸೈಕಲ್ಲು ಇನ್ನೂ ಕೈಯಲ್ಲಿತ್ತು, ವೈನಿ ಓಡಿಹೋಗಿ ಫೋಟೋ ತೋರಿಸಿದರು. ಅವರು ನೋಡಿದರು. ಬಹಳ ಹೊತ್ತೇನಲ್ಲ. "ಚಲೋ ಬಂದದ" ಎಂದು ಹಿಂದಕ್ಕೆ ಕೊಟ್ಟು ನಳದ ಹತ್ತಿರ ಹೋಗಿ ಮುಖ ತೊಳೆದರು. ಧೂಳು ಹೋದ ಮೇಲೂ ತೊಳೆಯುತ್ತಲೇ ಇದ್ದರು. ವೈನಿ ಫೋಟೋ ಹಿಡಿದುಕೊಂಡು ಓಣಿಯ ಮನೆಗಳಿಗೆ ಹೊರಟರು. ನಾನು ಕೊಡ ಇಟ್ಟುಕೊಂಡು ಕಾಯುತ್ತಿದ್ದೆ.

"ಬಾಯಾರ," ಎಂದರು, ನನ್ನ ಕಡೆ ನೋಡದೆ. "ಆ ಫೋಟೋ ಮುಂದ ಏರಿ ಹೋಗೋಕಿಂತ ಮೊದ್ಲು ತೆಗೀತಾರ."

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ನಾಳೆ ಹೊಡೆದಾಟಕ್ಕೆ ಹೋಗುವುದು ಎಂದು ಹುಕುಂ ಬಂದ ದಿನ ಸಾಹೇಬರು ಇವರನ್ನು ಕರೆಯುತ್ತಿದ್ದರಂತೆ. ಎಲ್ಲರಿಗೂ ದಾಡಿ ಮಾಡಿಸಿ, ಒಬ್ಬೊಬ್ಬನದೇ ಒಂದು ಫೋಟೋ. ಆಮೇಲೆ ಏನಾದರೂ ತಾಯಿಯ ಹತ್ತಿರ ಒಂದು ಒಳ್ಳೆಯ ಮುಖ ಉಳಿಯಲಿ ಎಂದು.

"ಆ ಕಟ್ಟಿನಾಗಿನ ಹುಡುಗ್ರು?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಕೆಲವ್ರು ಬಂದ್ರು."

"ಎಲ್ಲಾ ಕಡೆನೂ ಹಂಗೇ ಇರ್ತದ ಅಂತಿಲ್ಲ ಅಣ್ಣಾರ. ಹುಡುಗ ಸುಮ್ನ ತೆಗಿಸ್ಕೊಂಡಿರಬೇಕು."

"ಸುಮ್ನ ಅಲ್ರಿ. ಅವ ಮನಿ ಬಿಡೋ ದಿನ ನಾನೇ ಹೇಳಿ ಕಳಸೀನಿ. ಮುಂದ ಹೋಗೂ ಮೊದ್ಲು ದಾಡಿ ಮಾಡ್ಕೊಂಡು ಒಂದು ಫೋಟೋ ತೆಗಿಸ್ಕೋ, ನಿಮ್ಮವ್ವ ನೋಡ್ತಾಳ ಅಂತ. ನಾ ಅಂದದ್ದು ಒಂದೂ ಮೀರಿದವ ಅಲ್ಲ ಅಂವ."

ನೀರು ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ವೈನಿಗೆ ಹೇಳಿ ಎಂದೆ. "ಹ್ಯಾಂಗ ಹೇಳ್ಲಿ? ಇಷ್ಟು ವರ್ಷ ಆಕಿಗಿ ನಗೋ ಮಂದೀನೇ ತೋರಿಸೀನಿ. ಈಗ ಎಲ್ಲಿಂದ ಶುರು ಮಾಡ್ಲಿ?" ಎಂದರು.

ಆ ದಿನಗಳನ್ನು ಹೇಗೆ ಕಳೆದೆವೋ. ವೈನಿ ಫೋಟೋವನ್ನು ದೇವರ ಜಗಲಿಯ ಮೇಲೆ ಲಿಂಗದ ಪಕ್ಕ ಇಟ್ಟು, ಹಾಡು ಗುನುಗುತ್ತ ಶಾವಿಗೆ ಹೊಸೆಯುತ್ತಿದ್ದರು. ಮಗ ಬಂದರೆ ಪಾಯಸಕ್ಕೆ ಬೇಕು ಎಂದು. ಗುರುವಾರ ಒಪ್ಪತ್ತು ಮಾಡುವವಳು ಸೋಮವಾರವೂ ಹಿಡಿದೆ, ಅವರ ದೇವರಿಗೂ ಒಂದು ಇರಲಿ ಎಂದು. ತುಳಸಿ ಸುತ್ತುವಾಗ ಬೇಡಿಕೊಳ್ಳುತ್ತಿದ್ದದ್ದು ಒಂದೇ. ಅವನ ಕೈ ಹೋಗಲಿ, ಕಾಲು ಹೋಗಲಿ, ಜೀವ ಉಳಿಸು. ಹಾಗೆ ಬೇಡಿಕೊಳ್ಳುವುದು ಪಾಪವೋ ಏನೋ. ಅಣ್ಣಾರು ಕೆಲಸ ಬಿಡಲಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಸ್‌ಟಿಡಿ ಬೂತಿನಲ್ಲಿ ನಿಂತು ಮಗನ ಪಲ್ಟನ್ನಿನ ನಂಬರು ಹಚ್ಚಿಸುತ್ತಿದ್ದರು. ಅದು ಸಿಗುತ್ತಲೇ ಇರಲಿಲ್ಲ. ಬೂತಿನವನು, "ಲೈನ್ ಸಿಗ್ತಿಲ್ಲ ಚಾಚಾ, ಶಾಮ್ಕೋ ಆವೋ" ಎಂದರೆ ತಲೆಯಾಡಿಸಿ ಹೋಗುವುದು. ದಿನದಿನಕ್ಕೆ ಅವರ ಅಂಗಿ ಹೆಗಲಿನ ಮೇಲೆ ಜೋತುಬೀಳುತ್ತಿತ್ತು.

ಜೀಪು ಬಂದದ್ದು ನಳದ ಹೊತ್ತಿನಲ್ಲಿ. ಪೊಲೀಸರ ಜೊತೆ ಫೌಜಿನವರೊಬ್ಬರು ಇಳಿದು ಟೋಪಿ ತೆಗೆದರು. ವೈನಿ ಕೊಡ ಕೆಳಗಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಸಂತೋಷದಿಂದ ಎದುರು ಹೋದರು.

"ರಜಾ ಸಿಕ್ತೇನ್ರಿ ಅವನಿಗಿ?"

ಅಣ್ಣಾರು ಬಾಗಿಲಲ್ಲಿ ನೆಟ್ಟಗೆ, ಕೈ ಪಕ್ಕಕ್ಕೆ ಒತ್ತಿ ನಿಂತಿದ್ದರು, ಇನ್ನೂ ನೌಕರಿಯಲ್ಲಿರುವವರ ಹಾಗೆ.

ಮಣ್ಣು ಮಾಡಿದ್ದು ಕಮಲಾಪುರದಲ್ಲಿ, ಅವರ ಹೊಲದಲ್ಲಿ. ಊರೆಲ್ಲ ನೆರೆದಿತ್ತು, ಕಲಬುರಗಿಯಿಂದಲೂ ಜನ. ಘೋಷಣೆ, ಹೂವು, ಧ್ವಜ ಹೊದಿಸಿದ ಪೆಟ್ಟಿಗೆ. ಅದನ್ನು ಹಳೆಯ ಮನೆಯ ಒಳಕೋಣೆಯಲ್ಲಿ ಇಳಿಸಿದರು. ಜೊತೆಗೆ ಬಂದ ಅಧಿಕಾರಿ, ಚಿಕ್ಕ ವಯಸ್ಸಿನವರು, ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: ಬಹಳ ದಿನ ಆಗಿದೆ, ತೆರೆಯದಿದ್ದರೆ ಒಳ್ಳೆಯದು, ತಾಯಿಯವರಂತೂ ನೋಡುವುದು ಬೇಡ. ಅಣ್ಣಾರು ತಾವು ನೋಡುತ್ತೇನೆ ಎಂದರು. ಬಾಗಿಲು ಹಾಕಿಕೊಂಡರು.

ಹೊರಗೆ ಬಂದಾಗ ಮುಖ ಹಾಗೆಯೇ ಇತ್ತು. ವೈನಿಯ ಎದುರು ಕೂತರು. ಒಂದು ಹಾಳೆ ಕೊಡಿ ಎಂದು ಯಾರನ್ನೋ ಕೇಳಿ, ಜೇಬಿನಿಂದ ಪೆನ್ಸಿಲ್ಲು ತೆಗೆದರು.

"ನಾ ನೋಡ್ಬಂದೀನಿ. ಮಲಗಿದಂಗ ಅದಾನ. ಬರದು ತೋರಸ್ತೀನಿ, ನೀ ಒಳಗ ಬರಬ್ಯಾಡ" ಎಂದರು. ಬರೆಯಲು ಶುರು ಮಾಡಿದರು. ಹಣೆಯ ಗೆರೆ ಬಂತು, ಮುಚ್ಚಿದ ಕಣ್ಣಿನ ಒಂದು ರೆಪ್ಪೆ ಬಂತು. ವೈನಿ ಪೆನ್ಸಿಲ್ಲಿನ ತುದಿಯನ್ನೇ ನೋಡುತ್ತಿದ್ದರು. ಆಮೇಲೆ ಹಾಳೆಯ ಮೇಲೆ ಅಂಗೈ ಇಟ್ಟರು.

"ಸಾಕು ಬಿಡ್ರಿ. ಇಷ್ಟ ದಿನ ನೀವು ತೋರಿಸಿದ್ದು ನೋಡೀನಿ. ಇವತ್ತ ನಾ ನೋಡ್ತೀನಿ."

"ಬ್ಯಾಡ. ನನ್ನ ಮಾತ ಕೇಳು."

"ಅವನ ಹಡದಾಕಿ ನಾನು. ಹುಟ್ಟಿದಾಗ ರಗತದಾಗ ನೋಡೀನಿ. ಸರೀರಿ."

ಅವರು ಸರಿದರು. ವೈನಿ ಜಗಲಿಯ ವಿಭೂತಿ ಗಟ್ಟಿ ತೆಗೆದುಕೊಂಡು ಒಳಗೆ ಹೋದರು. ಅಧಿಕಾರಿ ತಡೆಯಲು ಮುಂದೆ ಬಂದರು, ಅಣ್ಣಾರು ಕೈ ಅಡ್ಡ ಮಾಡಿ ಅವರನ್ನೇ ತಡೆದರು. ಒಳಗಿನಿಂದ ಒಂದು ದನಿ ಬಂತು, ಅದನ್ನು ನಾನು ಬರೆಯಲಾರೆ. ಬಾಗಿಲು ತೆಗೆದಾಗ ನಾನು ಓಡಿಹೋಗಿ ತೋಳು ಹಿಡಿದೆ. ಬೆರಳೆಲ್ಲ ಬೆಳ್ಳಗೆ.

"ಹಣಿ ಇತ್ರಿ ಬಾಯಾರ" ಎಂದರು. "ಇಭೂತಿ ಹಚ್ಚಿ ಬಂದೆ."

ಅಷ್ಟೇ ಹೇಳಿದರು. ಇವತ್ತಿಗೂ ಅದಕ್ಕಿಂತ ಹೆಚ್ಚು ಹೇಳಿಲ್ಲ. ಹಣೆ ಇತ್ತು. ದೇವರೇ, ಅದನ್ನೂ ಉಪಕಾರ ಎಂದೇ ಎಣಿಸಿಕೊಂಡಿದ್ದೇನೆ, ಬೇರೆ ದಾರಿ ನನಗೆ ಗೊತ್ತಿಲ್ಲ.

ಅವರು ಕಲಬುರಗಿಯ ಮನೆ ಬಿಟ್ಟು ಊರಿಗೇ ಹೋದರು. ಅಣ್ಣಾರು ಮತ್ತೆ ಒಂದು ಗೆರೆ ಬರೆಯಲಿಲ್ಲ. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂದು ಯಾರೋ ಹೇಳಿದ್ದರು. ತೊಗರಿಕಾಯಿಯ ಕಾಲದಲ್ಲಿ ಒಂದು ದಿನ ಬಸ್ಸು ಹತ್ತಿ ನೋಡಿಬರಲು ಹೋದೆ.

ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ವೈನಿ ತೊಗರಿಕಾಯಿ ಸುಲಿಯುತ್ತಿದ್ದರು. ಮಾತಾಡುತ್ತಿದ್ದವರು ಅಣ್ಣಾರು. ಅಷ್ಟು ಮಾತನ್ನು ಆ ಬಾಯಿಯಲ್ಲಿ ನಾನು ಎಂದೂ ಕೇಳಿರಲಿಲ್ಲ. ತಗ್ಗಿದ ದನಿ, ಒಂದೇ ಸಮನೆ. ನನ್ನನ್ನು ಕಂಡು ನಿಲ್ಲಿಸಿದರು.

"ಹೇಳ್ರಿ, ಮಾತು ನಿಲ್ಲಿಸಿದ್ಯಾಕ? ಬಾಯಾರು ನಮ್ಮವರೇ ಅಲ್ಲೇನು" ಎಂದರು ವೈನಿ. ನನಗೆ ಕೂಡಲು ಜಾಗ ಮಾಡಿ, ಒಂದು ಹಿಡಿ ಕಾಯಿ ನನ್ನ ಮುಂದೆಯೂ ಹಾಕಿದರು.

ಅವರು ಹೇಳಿದರು. ಯಾವ ಚಿತ್ರದಲ್ಲೂ ಇಲ್ಲದ ಒಬ್ಬ ಹುಡುಗನ ಮಾತು. ಹಿಂದಿನ ದಿನವಷ್ಟೇ ಬಂದು ಸೇರಿದವನು, ಫೋಟೋ ತೆಗೆಯುವ ಹೊತ್ತಿಗೆ ಇರಲಿಲ್ಲ. ಕೆಸರಿನ ಗದ್ದೆಯಲ್ಲಿ ಬಿದ್ದವನನ್ನು ಇವರೇ ಎಳೆದು ತಂದರಂತೆ, ಅವನು ಸಂಜೆಯ ತನಕ ಜೀವ ಹಿಡಿದಿದ್ದನಂತೆ. ಏನೇನು ಕೇಳಿದ, ಹೊಟ್ಟೆಯನ್ನು ಹೇಗೆ ಹಿಡಿದುಕೊಂಡಿದ್ದ ಎಂಬುದನ್ನೆಲ್ಲ ಅಕ್ಕಿ ಆರಿಸುವ ನನ್ನ ಕೈಯನ್ನು ನೋಡಿದ ಹಾಗೆಯೇ ನೋಡಿಟ್ಟುಕೊಂಡಿದ್ದರು. ವೈನಿ ನಡುನಡುವೆ "ಆ ಮ್ಯಾಲ?" ಎನ್ನುತ್ತಿದ್ದರು. ನನ್ನ ಕೈಯಲ್ಲಿ ಕಾಯಿ ಹಾಗೇ ಉಳಿಯಿತು. ಅರ್ಧಕ್ಕೆ ನಾನು ಎದ್ದು, ಬಸ್ಸು ತಪ್ಪುತ್ತದೆ ಎಂದೆ.

"ಹೋಗಿ ಬರ್ರಿ" ಎಂದರು ವೈನಿ, ತಲೆಯೆತ್ತದೆ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಅವರು ಗಂಡನನ್ನು ಕೇಳುತ್ತಿದ್ದರು.

"ಅವನಿಗಿ ತಾಯಿ ಇದ್ಲೇನು?"

"ಇದ್ಲು."

"ಆಕಿಗಿ ಏನ್ ಕಳಸಿದ್ರಿ?"

"ಏನೂ ಕಳಸ್ಲಿಲ್ಲ. ಫೋಟೋ ಇರಲಿಲ್ಲ."

"ಹಂಗಾದ್ರ ಪೂರಾ ಹೇಳ್ರಿ. ಆಕಿ ಇಲ್ಲಿಲ್ಲ. ನಾ ಕೇಳ್ತೀನಿ."